ಹದಿನಾಲ್ಕು ಕರಾರುಗಳಿಗೆ ನಾನು ಹಾಕಿದ ಸಹಿ

ನನ್ನ ಜಾಗಕ್ಕೆ ಬಂದ ಉಪನ್ಯಾಸಕಿ ಅಶ್ವಿನಿ ಹೋದ ತಿಂಗಳು ಕಂಪ್ಲಿಯ ನಮ್ಮ ಮನೆಗೆ ಬಂದಿದ್ದಳು. ಕಾಲೇಜಿನ ವೃತ್ತಿ ಮಾರ್ಗದರ್ಶನ ಕೋಶವನ್ನು ಈಗ ಅವಳ ಕೊರಳಿಗೆ ಕಟ್ಟಿದ್ದಾರಂತೆ. “ಅಲ್ಲಿ ಏನು ಮಾಡಬೇಕ್ರಿ ಮೇಡಂ? ಫೈಲ್ ತೆಗೆದ್ರ ಬರೇ ಫೋಟೋ ಅದಾವ” ಎಂದಳು. ಅವಳು ಹೇಳಿದ್ದು ನಿಜ. ಸಮಾರಂಭಗಳಲ್ಲಿ ಹಾರ ಹಾಕಿಸಿಕೊಂಡವರ ಫೋಟೋಗಳನ್ನೆಲ್ಲ ನಾನೇ ಜೋಪಾನವಾಗಿ ಅಂಟಿಸಿಟ್ಟಿದ್ದೆ. ಆಗಬಾರದ್ದು ಏನಾಯಿತು ಎಂಬುದನ್ನು ಮಾತ್ರ ಯಾವ ವರದಿಯಲ್ಲೂ ಬರೆದಿರಲಿಲ್ಲ. ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು, ಬರೆದು ಕೊಡುತ್ತೇನೆ ತಂಗಿ ಎಂದು ಅವಳನ್ನು ಕಳಿಸಿದೆ. ನನ್ನ ಬಡ್ತಿಗಳು, ವರ್ಗಾವಣೆಗಳು ಇದರಲ್ಲಿ ಬರುವುದಿಲ್ಲ. ಅವೆಲ್ಲ ಸೇವಾ ಪುಸ್ತಕದಲ್ಲಿ ಸುಖವಾಗಿವೆ.

ಕೋಶ ನನ್ನ ಪಾಲಿಗೆ ಬಂದದ್ದು ಯೋಗ್ಯತೆಯಿಂದಲ್ಲ. ಸ್ಟಾಫ್ ಮೀಟಿಂಗಿನಲ್ಲಿ ಪ್ರಾಂಶುಪಾಲರು “ಯಾರು ತಗೋತೀರಿ?” ಎಂದು ಕೇಳಿದಾಗ ಎಲ್ಲರೂ ತಲೆ ತಗ್ಗಿಸಿದರು. ನಾನು ಚೀಲದಲ್ಲಿ ಕನ್ನಡಕ ಹುಡುಕುತ್ತಿದ್ದೆ, ಸಿಕ್ಕಿತೆಂದು ತಲೆ ಎತ್ತಿದ್ದೇ ತಪ್ಪಾಯಿತು. “ಪಾರ್ವತಿ ಮೇಡಂ ಕಾಮರ್ಸಿನವರು, ಅವರಿಗೇ ಸರಿ” ಎಂದುಬಿಟ್ಟರು. ಸೈಕಲ್ ಸ್ಟ್ಯಾಂಡಿನ ಪಕ್ಕ ಮುರಿದ ಬೆಂಚುಗಳನ್ನು ತುಂಬುತ್ತಿದ್ದ ಕೋಣೆಯನ್ನು ಕಸ ಹೊಡೆಸಿ ಕೊಟ್ಟರು. ಒಂದು ಮೇಜು, ಒಂದು ನೋಟೀಸ್ ಬೋರ್ಡು, ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು.

ಮೊದಲ ಎರಡು ವರ್ಷ ನನ್ನ ಕೆಲಸವೆಂದರೆ ಪೇಪರಿನಿಂದ ನೌಕರಿಯ ಜಾಹೀರಾತು ಕತ್ತರಿಸಿ ಬೋರ್ಡಿಗೆ ಅಂಟಿಸುವುದು. ಬ್ಯಾಂಕ್ ಪರೀಕ್ಷೆಯ ಜಾಹೀರಾತು ಅಂಟಿಸಿದರೆ ಮರುದಿನ ಅಲ್ಲಿ ಅಂಟು ಮಾತ್ರ ಇರುತ್ತಿತ್ತು. ಓದಿದವನು ಬೇರೆ ಯಾರೂ ಓದಬಾರದೆಂದು ಹರಿದುಕೊಂಡು ಹೋಗಿರುತ್ತಿದ್ದ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಜಾಹೀರಾತಿನ ಎರಡು ಜೆರಾಕ್ಸ್ ತೆಗೆಸತೊಡಗಿದೆ, ಒಂದು ಬೋರ್ಡಿಗೆ, ಇನ್ನೊಂದು ಬೀರುವಿಗೆ. ಯಾರೋ ಒಬ್ಬನಿಗಾದರೂ ಅಷ್ಟು ಬೇಕಾಗಿದೆಯಲ್ಲ ಎಂಬ ಸಮಾಧಾನವೂ ಇತ್ತು.

ಮೂರನೆಯ ವರ್ಷದ ಹೊತ್ತಿಗೆ ಹರಿಯುವವರೂ ಇಲ್ಲವಾದರು. ಅಂಟಿಸಿದ ಜಾಹೀರಾತು ಬಿಸಿಲಿಗೆ ಹಳದಿಯಾಗುವವರೆಗೂ ಹಾಗೇ ಇರುತ್ತಿತ್ತು. ಸಂಡೂರಿನ ಗುಡ್ಡದಿಂದ ಅದಿರು ಇಳಿಯತೊಡಗಿತ್ತು. ನಮ್ಮ ಕಾಲೇಜಿದ್ದ ಹೊಸಪೇಟೆಯ ರಸ್ತೆಗಳಲ್ಲಿ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಕಂಪ್ಲಿಯಿಂದ ನಾನು ಬರುವ ಬಸ್ಸು ಒಂದೊಂದು ದಿನ ಮೊದಲ ಪೀರಿಯಡ್ಡು ಮುಗಿದ ಮೇಲೆ ತಲುಪುತ್ತಿತ್ತು. ನಾನು ತಡವಾಗಿ ಬಂದರೂ ಬೈಯುವವರಿರಲಿಲ್ಲ, ಏಕೆಂದರೆ ಕ್ಲಾಸಿನಲ್ಲಿ ಹುಡುಗರೇ ಇರುತ್ತಿರಲಿಲ್ಲ. ಎರಡನೆಯ ವರ್ಷದ ಬಿ.ಕಾಂ.ನಲ್ಲಿ ಹಾಜರಿ ಕೂಗಿದರೆ ಗಂಡುಹುಡುಗರ ಹೆಸರಿಗೆಲ್ಲ “ಮೈನ್ಸಿಗೆ ಹೋಗ್ಯಾನ್ರಿ” ಎಂದು ಹೆಣ್ಣುಮಕ್ಕಳೇ ಉತ್ತರ ಕೊಡುತ್ತಿದ್ದರು.

ಗಾದಿಗನೂರಿನ ವಿರೂಪಾಕ್ಷಿ ಅವರಲ್ಲೊಬ್ಬ. ಬುದ್ಧಿವಂತ, ಬಾಯಿ ಮಾತ್ರ ಒಂದು ಮೊಳ ಉದ್ದ. ಎರಡನೆಯ ವರ್ಷದ ನಡುವೆ ಕಾಲೇಜು ಬಿಟ್ಟು ಲಾರಿ ತೂಗುವ ವೇ ಬ್ರಿಜ್ಜಿನಲ್ಲಿ ಕೆಲಸಕ್ಕೆ ಕುಳಿತ. ಮೊದಲ ಪಗಾರ ಬಂದ ದಿನ ನನಗೆ ಪೇಢೆ ಕೊಡಲು ಬಂದ. ಅಂಗಿಯ ಕಾಲರಿನಿಂದ ಹಿಡಿದು ಉಗುರಿನ ಸಂದಿಯವರೆಗೆ ಕೆಂಪು ಧೂಳು. ಡಿಗ್ರಿ ಮುಗಿಸೋ ಮಾರಾಯ, ಇನ್ನು ಒಂದೂವರೆ ವರ್ಷ ಎಂದೆ. “ಕೈ ಕೆಂಪಾದ್ರ ಬಾಯಿ ಮೊಸರು ಅಲ್ರಿ ಮೇಡಂ” ಎಂದು ನಕ್ಕ. ಕೆಸರನ್ನು ಕೆಂಪು ಮಾಡಿದ ಆ ಜಾಣತನಕ್ಕೆ ನನಗೂ ನಗು ಬಂತು. ಅವನ ಕೈಗೆ ಒಂದು ನೋಟ್‌ಬುಕ್ ಕೊಟ್ಟೆ. ನಾಳೆ ಕೆಲಸ ಹೋದರೂ ಆರು ತಿಂಗಳು ಮನೆಯವರು ಉಣ್ಣುವಷ್ಟು ಕೂಡಿಸಿದ ಮೇಲೆಯೇ ಉಳಿದ ಆಸೆ, ಎಷ್ಟು ಕೂಡಿತೆಂದು ಪ್ರತಿ ತಿಂಗಳು ಇದರಲ್ಲಿ ಬರಿ ಎಂದು ಹೇಳಿದೆ. ಮುಂದಿನ ತಿಂಗಳು ಅವನು ಹೊಸ ಬೈಕಿನಲ್ಲಿ ಬಂದ. ನೋಟ್‌ಬುಕ್ ಎಲ್ಲಿ ಎಂದು ಕೇಳಿದರೆ ಬೈಕಿನ ಸೀಟು ಎತ್ತಿ ತೋರಿಸಿದ. ಒಳಗೆ ಬೈಕಿನ ಕಾಗದಪತ್ರಗಳ ಕೆಳಗೆ ಅದು ಇನ್ನೂ ಹೊಸದಾಗಿಯೇ ಇತ್ತು.

ಇಂಥವರಿಗೆಲ್ಲ ಏನು ಹೇಳಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಎನ್ನುವ ಕಾಲ ಅದು. ಪ್ರಾಂಶುಪಾಲರು ಗಾಳಿ ಬಂದಾಗ ತೂರಿಕೊಳ್ಳಬೇಕು ಮೇಡಂ ಎಂದು ನನಗೇ ಬುದ್ಧಿ ಹೇಳುತ್ತಿದ್ದರು. ಅವರನ್ನು ಪೂರ್ತಿ ದೂರುವಂತಿಲ್ಲ. ಕಾಲೇಜಿಗೆ ಬರುತ್ತಿದ್ದವರು ಮೈನ್ಸಿನ ಕೂಲಿಗಳ ಮಕ್ಕಳು, ಗದ್ದೆ ಕೆಲಸದವರ ಮಕ್ಕಳು. ಅವರು ಡಿಗ್ರಿ ಮುಗಿಸಿದ ದಿನವೇ ನೌಕರಿ ಸಿಗುವುದಾದರೆ ಬೇಡ ಎನ್ನುವುದು ಯಾವ ಬಾಯಿಂದ? ಕಂಪನಿಗಳವರು, ಗುತ್ತಿಗೆದಾರರು ಕಾಲೇಜಿಗೇ ಬಂದು ಹುಡುಗರನ್ನು ಆರಿಸಿಕೊಳ್ಳಲಿ, ಡಿಗ್ರಿ ಮುಗಿದವರನ್ನು ಮಾತ್ರ ಕಳಿಸೋಣ ಎಂದು ನಾನೇ ಒಂದು ದಾರಿ ಸೂಚಿಸಿದೆ. ನಡುವೆ ಬಿಟ್ಟು ಹೋಗುವುದಾದರೂ ನಿಲ್ಲುತ್ತದಲ್ಲ ಎಂಬುದು ನನ್ನ ಲೆಕ್ಕ. ಪ್ರಾಂಶುಪಾಲರು ಕುಣಿದಾಡಿದರು.

ಹಾಗೆ ಬಂದವರಲ್ಲಿ ಸುಬ್ಬರಾವ್ ಒಬ್ಬರು. ಆಂಧ್ರದ ಕಡೆಯವರು, ಸಂಡೂರಿನಲ್ಲಿ ಅದಿರು ಸಾಗಣೆಯ ಗುತ್ತಿಗೆ ಹಿಡಿದಿದ್ದರು. ಮೆತ್ತಗಿನ ಮನುಷ್ಯ, ಎಲ್ಲರ ಹೆಸರಿಗೂ ಮರ್ಯಾದೆಯ ‘ಗಾರು’ ಹಚ್ಚಿ ಮಾತಾಡುವವರು. ಅವರದು ಒಂದೇ ತಕರಾರು, ನಮ್ಮ ಹುಡುಗರು ನಿಲ್ಲುವುದಿಲ್ಲ. ಇಲ್ಲಿ ಕೆಲಸ ಕಲಿತು, ನೂರಿನ್ನೂರು ಹೆಚ್ಚು ಕೊಡುತ್ತಾರೆಂದು ಎದುರಿನ ಆಫೀಸಿಗೆ ಜಿಗಿಯುತ್ತಾರೆ. ಅದಕ್ಕೆ ಆ ಕಡೆ ಎಲ್ಲರೂ ಒಂದು ಪದ್ಧತಿ ಮಾಡಿಕೊಂಡಿದ್ದರು. ಕೆಲಸಕ್ಕೆ ಸೇರುವವನು ಮೂರು ವರ್ಷದ ಕರಾರು ಬರೆದು, ಎಸ್ಸೆಸ್ಸೆಲ್ಸಿಯಿಂದ ಡಿಗ್ರಿಯವರೆಗಿನ ಮೂಲ ಅಂಕಪಟ್ಟಿಗಳನ್ನು ಮಾಲೀಕನ ಬಳಿ ಇಡಬೇಕು. ಮೂರು ವರ್ಷ ಮುಗಿದ ಮೇಲೆ ವಾಪಸ್ಸು.

ಇದನ್ನು ಕೇಳಿ ನಾನು ಸಿಡಿದೇಳಬೇಕಿತ್ತು. ಏಳಲಿಲ್ಲ. ಅದರ ಬದಲು ಆ ಪದ್ಧತಿಯನ್ನು ಇನ್ನಷ್ಟು ಚೊಕ್ಕ ಮಾಡಿಕೊಟ್ಟೆ. ಬೇರೆ ಕಡೆ ಹುಡುಗರ ಅಂಕಪಟ್ಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಗೋಣಿಚೀಲದಲ್ಲಿ ತುಂಬಿಡುತ್ತಾರೆಂದು ಕೇಳಿದ್ದೆ. ನಮ್ಮ ಕಾಲೇಜಿನವರದು ಹಾಗಾಗಬಾರದೆಂದು ಒಬ್ಬೊಬ್ಬರಿಗೆ ಒಂದು ಗಟ್ಟಿ ಕವರು ತಂದು, ಅದರ ಮೇಲೆ ನನ್ನ ಕೈಯಾರೆ ಹೆಸರು, ಊರು, ರಿಜಿಸ್ಟರ್ ನಂಬರು ಬರೆದೆ. ಕರಾರಿಗೆ ಸಾಕ್ಷಿ ಬೇಕು ಎಂದರು, ಸಾಕ್ಷಿಯ ಜಾಗದಲ್ಲಿ ಸಹಿಯನ್ನೂ ಹಾಕಿದೆ. ಕಾಲೇಜಿನ ಸಭಾಂಗಣದಲ್ಲಿ ಹದಿನಾಲ್ಕು ಜನರ ಹದಿನಾಲ್ಕು ಕರಾರು, ಅರ್ಧ ತಾಸಿನಲ್ಲಿ ಮುಗಿಸಿದೆ. ಒಂದನ್ನೂ ಓದಲಿಲ್ಲ. ನನ್ನದು ಗೆಜೆಟೆಡ್ ಹುದ್ದೆ. ಜೆರಾಕ್ಸ್ ಪ್ರತಿಗಳ ಮೇಲೆ ಹಸಿರು ಶಾಯಿಯಲ್ಲಿ ಸಹಿ ಹಾಕಿಸಿಕೊಳ್ಳಲು ಹುಡುಗರು ಬಸ್ ಸ್ಟ್ಯಾಂಡಿನಲ್ಲೂ ನನ್ನನ್ನು ಅಡ್ಡಗಟ್ಟುತ್ತಿದ್ದರು. ಸೀಲು ಚೀಲದಲ್ಲೇ ಇರುತ್ತಿತ್ತು. ಸಹಿ ಹಾಕುವುದು ನನಗೆ ಎಲೆ ಅಡಿಕೆ ಹಾಕಿಕೊಂಡಷ್ಟು ಸಲೀಸಾಗಿಬಿಟ್ಟಿತ್ತು.

ಕರಾರುಗಳಿಗೆ ಸಹಿಯಾಗುವ ಎರಡು ದಿನ ಮೊದಲು ಆ ಹದಿನಾಲ್ಕು ಜನರಿಗೆ ಒಂದು ಕ್ಲಾಸು ತೆಗೆದುಕೊಂಡಿದ್ದೆ. ಹುಡುಗರು ಜಿಗಿಯುತ್ತಾರೆಂಬ ದೂರು ಕಾಲೇಜಿನ ಹೆಸರಿಗೆ ಅಂಟಬಾರದಲ್ಲ! ಬೋರ್ಡಿನ ಮೇಲೆ ದೊಡ್ಡದಾಗಿ “ಸಹಿ ಅಂದರೆ ಮಾತು” ಎಂದು ಬರೆದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂಬ ಗಾದೆ ಹೇಳಿದೆ. ಒಮ್ಮೆ ಹೆಸರು ಬರೆದು ಕೊಟ್ಟ ಮೇಲೆ ಲಾಭವಾಗಲಿ ನಷ್ಟವಾಗಲಿ ಅದರಂತೆ ನಡೆಯಬೇಕು, ದುಡಿಯುವ ಮನುಷ್ಯನಿಗೆ ಅದೇ ದೊಡ್ಡ ಆಸ್ತಿ ಎಂದೆ. ಹುಡುಗರು ಕಿಟಕಿಯಾಚೆ ನೋಡುತ್ತಿದ್ದರು. ಮುಂದಿನ ಬೆಂಚಿನಲ್ಲಿ ಹುಲಿಗೆಮ್ಮ ಒಬ್ಬಳೇ ಬರೆದುಕೊಳ್ಳುತ್ತಿದ್ದಳು.

ಹುಲಿಗೆಮ್ಮ ಯಶವಂತನಗರದವಳು. ತಾಯಿ ಮೈನ್ಸಿನಲ್ಲಿ ಅದಿರಿನಿಂದ ಕಲ್ಲು ಆರಿಸುವ ಕೆಲಸದವಳು, ತಂದೆ ಇರಲಿಲ್ಲ. ಆ ವರ್ಷ ನಮ್ಮ ಕಾಲೇಜಿಗೆ ಬಿ.ಕಾಂ.ನಲ್ಲಿ ಮೊದಲು ಬಂದವಳು ಅವಳೇ. ಮಾತು ಕಡಿಮೆ. ಅವಳ ಲೆಡ್ಜರ್ ಪುಟಗಳಲ್ಲಿ ಒಂದು ಹೊಡೆದು ಹಾಕಿದ ಗೆರೆಯನ್ನೂ ನಾನು ಕಂಡವಳಲ್ಲ. ಸರ್ಕಾರಿ ಆಫೀಸಿನಲ್ಲಿ ಒಂದು ಕುರ್ಚಿ ಸಿಗಬೇಕು, ತಾಯಿಯನ್ನು ಮೈನ್ಸಿನಿಂದ ಬಿಡಿಸಿಕೊಂಡು ಬರಬೇಕು, ಅವಳಿಗಿದ್ದದ್ದು ಇದೊಂದೇ ಗುರಿ. ತಾಯಿ ಕಲ್ಲಿನ ಧೂಳು ಕುಡಿದು ಕುಡಿದು ಕೆಮ್ಮು ಹಿಡಿಸಿಕೊಂಡಿದ್ದಳು. ಪರೀಕ್ಷೆ ಬರೆಯುತ್ತಲೇ ಇರು, ಅಲ್ಲಿಯವರೆಗೆ ಸುಬ್ಬರಾವ್ ಆಫೀಸಿನಲ್ಲಿ ಕೆಲಸ ಮಾಡು, ಮನೆಗೂ ಆಸರೆಯಾಗುತ್ತದೆ ಎಂದು ಅವಳಿಗೆ ದಾರಿ ಹಾಕಿಕೊಟ್ಟವಳು ನಾನು. ಕೆಟ್ಟ ಸಲಹೆಯಲ್ಲ ಅದು. ಆದರೆ ಸರ್ಕಾರಿ ನೌಕರಿ ಸಿಕ್ಕರೆ ಮೂಲ ಅಂಕಪಟ್ಟಿ ಬೇಕಾಗುತ್ತದೆ ಎಂಬುದು, ಇಪ್ಪತ್ತು ವರ್ಷ ಸರ್ಕಾರಿ ಪಗಾರ ತಿಂದ ನನ್ನ ತಲೆಗೆ ಆಗ ಹೊಳೆಯಲಿಲ್ಲ.

ಲಾರಿಗಳ ಟ್ರಿಪ್ ಶೀಟು, ಪರ್ಮಿಟ್ಟು, ಡೀಸೆಲ್ ಚೀಟಿ ನೋಡಿಕೊಳ್ಳುವ ಕೆಲಸ ಅವಳದು. ಆರು ತಿಂಗಳಲ್ಲಿ ಇಡೀ ಆಫೀಸು ಅವಳ ಕೈಗೆ ಬಂತು. ಸುಬ್ಬರಾವ್ ಹೊಸಪೇಟೆಯಲ್ಲಿ ಸಿಕ್ಕಾಗಲೆಲ್ಲ, ಅಂಥ ಹುಡುಗಿಯನ್ನು ಕೊಟ್ಟಿರಿ ಮೇಡಂಗಾರು ಎಂದು ಕೈಮುಗಿಯುತ್ತಿದ್ದರು. ನಾನು ಹಿಗ್ಗುತ್ತಿದ್ದೆ.

ಒಂದೂವರೆ ವರ್ಷವಾಗಿರಬೇಕು. ಹುಲಿಗೆಮ್ಮ ಒಂದು ಮಧ್ಯಾಹ್ನ ಕೋಶದ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸರ್ಕಾರಿ ಲಕೋಟೆ. ಗುಮಾಸ್ತೆಯ ಹುದ್ದೆಗೆ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿತ್ತು. ಹನ್ನೊಂದು ದಿನದ ನಂತರ ಬಳ್ಳಾರಿಯಲ್ಲಿ ಮೂಲ ದಾಖಲೆಗಳ ಪರಿಶೀಲನೆ. ನಾನು ಖುಷಿಯಿಂದ ಎದ್ದು ಅವಳ ತಲೆ ಸವರಿದೆ. ಅವಳು ನಗಲಿಲ್ಲ. ಲಕೋಟೆಯಿಂದ ಕಾಗದ ತೆಗೆದು “ಮೂಲ” ಎಂಬ ಶಬ್ದದ ಮೇಲೆ ಬೆರಳಿಟ್ಟಳು. ಸುಬ್ಬರಾವ್ ಅವರನ್ನು ಆಗಲೇ ಕೇಳಿ ಬಂದಿದ್ದಳು. ಮೂರು ವರ್ಷ ಮುಗಿಯಲಿ ಎಂದಿದ್ದರಂತೆ.

ಮರುದಿನವೇ ರಜೆ ಹಾಕಿ ಅವಳೊಡನೆ ಸಂಡೂರಿನ ಬಸ್ಸು ಹತ್ತಿದೆ. ಲಾರಿಗಳ ಹಿಂದೆ ತೆವಳುತ್ತ ಬಸ್ಸು ತಲುಪುವ ಹೊತ್ತಿಗೆ ನನ್ನ ಬಿಳಿ ಸೀರೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ನನ್ನ ಮಾತನ್ನು ಸುಬ್ಬರಾವ್ ತೆಗೆದುಹಾಕಲಾರರು ಎಂಬ ಧೈರ್ಯವಿತ್ತು.

“ಬರ್ರಿ ಮೇಡಂಗಾರು, ಕುಂದ್ರಿ” ಎಂದು ಅವರು ಎದ್ದು ನಿಂತೇ ಬರಮಾಡಿಕೊಂಡರು. ಮಜ್ಜಿಗೆ ತರಿಸಿದರು. ನಾನು ವಿಷಯ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು. ಒಬ್ಬರಿಗೆ ಕೊಟ್ಟರೆ ಉಳಿದ ಹದಿಮೂರು ಜನ ನಾಳೆ ಬೆಳಿಗ್ಗೆ ಬಾಗಿಲಿಗೆ ಬರುತ್ತಾರೆ, ಆಮೇಲೆ ನನ್ನ ಲಾರಿಗಳನ್ನು ಕಳಿಸುವವರು ಯಾರು ಎಂದರು. ಪಗಾರ ಬೇಕಾದರೆ ಹೆಚ್ಚಿಸುತ್ತೇನೆ ಎಂದರು. ನಾನು ದನಿ ಏರಿಸಿದೆ. ಇದು ಅವಳ ಬದುಕಿನ ಪ್ರಶ್ನೆ, ಕರಾರಿನಲ್ಲಿ ಹೀಗೆಲ್ಲ ಇರಲಿಕ್ಕಿಲ್ಲ ಎಂದುಬಿಟ್ಟೆ. ಓದಿದ್ದರೆ ತಾನೇ ಇದೆಯೋ ಇಲ್ಲವೋ ಗೊತ್ತಿರುವುದು!

ಸುಬ್ಬರಾವ್ ಹುಲಿಗೆಮ್ಮನ ಕಡೆ ತಿರುಗಿ ಫೈಲು ತರಲು ಹೇಳಿದರು. ಅವಳು ಒಳಕೋಣೆಗೆ ಹೋಗಿ ಬೀರುವಿನಿಂದ ತಂದು ಮೇಜಿನ ಮೇಲಿಟ್ಟಳು. ಅವರು ಅವಳ ಕರಾರನ್ನು ತೆಗೆದು ನನ್ನೆದುರು ಹಿಡಿದರು. ಸರ್ಕಾರಿ ನೌಕರಿಯೇ ಬಂದರೂ ಅವಧಿಗೆ ಮೊದಲು ದಾಖಲೆ ಕೇಳುವಂತಿಲ್ಲ ಎಂದು ಮೂರನೆಯ ಸಾಲಿನಲ್ಲೇ ಇತ್ತು. ಕೆಳಗೆ ಹುಲಿಗೆಮ್ಮನ ಗುಂಡಗಿನ ಸಹಿ, ಅದರ ಪಕ್ಕದಲ್ಲಿ ನನ್ನದು.

“ನಾನೇನೂ ಮೋಸ ಮಾಡಿಲ್ಲ ಮೇಡಂಗಾರು. ನೀವ ಸಾಕ್ಷಿ ಹಾಕೀರಿ. ದೊಡ್ಡೋರು ನೀವು, ಓದೇ ಹಾಕಿರ್ತೀರಿ ಅಂದ್ಕೊಂಡೆ.”

ಅವರು ಅದನ್ನು ವ್ಯಂಗ್ಯದಿಂದ ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ. ನಿಜವಾಗಿ ಹಾಗೆ ನಂಬಿದ್ದರು. ಮಜ್ಜಿಗೆ ಹಾಗೇ ಉಳಿಯಿತು. ಹುಲಿಗೆಮ್ಮ ಫೈಲನ್ನು ಎತ್ತಿಕೊಂಡು ಒಳಗಿಟ್ಟು ಬಂದಳು. ನಾವಿಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದೆವು.

ಪ್ರಾಂಶುಪಾಲರನ್ನು ಒಂದು ಪತ್ರ ಬರೆದುಕೊಡಿ ಎಂದು ಕೇಳಿದೆ. ಕಾಲೇಜನ್ನು ಇದರಲ್ಲಿ ಎಳೆಯಬೇಡಿ, ಸಾಕ್ಷಿ ನೀವು ಹಾಕಿದ್ದೀರಿ, ಕಾಲೇಜಲ್ಲ ಎಂದರು. ಸಭಾಂಗಣದಲ್ಲಿ ಕರಾರುಗಳಿಗೆ ಸಹಿಯಾದ ದಿನ ನಡುವಿನ ಕುರ್ಚಿಯಲ್ಲಿ ಕುಳಿತಿದ್ದವರು ಅವರು. ಗುರುತಿನ ವಕೀಲರೊಬ್ಬರನ್ನು ಕೇಳಿದೆ. ಇಂಥ ಕರಾರು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಆದರೆ ಅದನ್ನು ಕೋರ್ಟು ಹೇಳುವಷ್ಟರಲ್ಲಿ ಹುಡುಗಿಯ ಹುದ್ದೆ ಇನ್ನೊಬ್ಬರ ಪಾಲಾಗಿರುತ್ತದೆ ಎಂದು ಅವರು ಇದ್ದದ್ದನ್ನು ಇದ್ದಂತೆ ಹೇಳಿದರು.

ಉಳಿದದ್ದು ಒಂದೇ ದಾರಿ. ಅಂಕಪಟ್ಟಿ ಕಳೆದುಹೋಗಿದೆ ಎಂದು ಪೊಲೀಸರಿಗೆ ದೂರು ಕೊಟ್ಟು, ಅಫಿಡವಿಟ್ ಮಾಡಿಸಿದರೆ ನಕಲು ಪ್ರತಿಗೆ ಅರ್ಜಿ ಹಾಕಬಹುದು. ಆ ಅರ್ಜಿಯ ರಸೀದಿ ತೋರಿಸಿ ಪರಿಶೀಲನೆಯಲ್ಲಿ ಒಂದಿಷ್ಟು ಸಮಯ ಕೇಳಬಹುದು. ಅಫಿಡವಿಟ್ಟಿನ ಒಕ್ಕಣೆಯನ್ನು ನಾನೇ ಬರೆದೆ, ಬಸ್ಸಿನಲ್ಲಿ ಪ್ರಯಾಣಿಸುವಾಗ ಕಳೆದುಕೊಂಡಿರುತ್ತೇನೆ ಎಂದು. ಹುಲಿಗೆಮ್ಮನನ್ನು ಕೋಶಕ್ಕೆ ಕರೆಸಿ, ಇಲ್ಲೊಂದು ಸಹಿ ಹಾಕು ಎಂದು ಪೆನ್ನು ಕೊಟ್ಟೆ. ಅವಳು ಎರಡು ಸಲ ಓದಿದಳು. ಪೆನ್ನಿನ ಟೋಪಿ ಹಾಕಿ ಮೇಜಿನ ಮೇಲಿಟ್ಟಳು.

“ಅವು ಕಳದಿಲ್ರಿ ಮೇಡಂ. ಎಲ್ಲಿ ಅದಾವ ಅಂತ ನನಗ ಗೊತ್ತೈತಿ, ನಿಮಗೂ ಗೊತ್ತೈತಿ.”

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ತಾಯಿಯ ಕೆಮ್ಮಿನ ಮಾತೆತ್ತಿದೆ. ಅವಳ ಕಣ್ಣು ತುಂಬಿತು, ಕೈ ಮಾತ್ರ ಪೆನ್ನಿನ ಕಡೆ ಹೋಗಲಿಲ್ಲ. ನನಗೆ ಅವಳ ಮೇಲೆ ಕೆಟ್ಟ ಕೋಪ ಬಂತು. ಹಠಮಾರಿ ಹುಡುಗಿ, ಒಂದು ಸಣ್ಣ ಸುಳ್ಳಿಗೆ ಬದುಕು ಕಳೆದುಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಆ ಕೋಪದಲ್ಲಿ ನನ್ನ ತಪ್ಪು ನನಗೆ ಸ್ವಲ್ಪ ಹಗುರವಾಗಿ ಕಂಡದ್ದೂ ನಿಜ.

ಹನ್ನೊಂದನೆಯ ದಿನ ಅವಳು ಜೆರಾಕ್ಸ್ ಪ್ರತಿಗಳನ್ನು ಹಿಡಿದುಕೊಂಡು ಬಳ್ಳಾರಿಗೆ ಹೋದಳು. ಪ್ರತಿಯೊಂದರ ಮೇಲೂ ನನ್ನ ಹಸಿರು ಸಹಿ, ಸೀಲು. ಅಲ್ಲಿಯ ಅಧಿಕಾರಿ ಅವನ್ನು ತಿರುಗಿಸಿಯೂ ನೋಡಲಿಲ್ಲವಂತೆ, ಮೂಲ ಪ್ರತಿ ಇದ್ದರೆ ಸಾಲಿನಲ್ಲಿ ನಿಲ್ಲು ಎಂದರಂತೆ. ಸಂಡೂರಿನಲ್ಲಿ ಒಬ್ಬ ಹುಡುಗಿಯನ್ನು ಕಟ್ಟಿಹಾಕಿದ ನನ್ನ ಸಹಿಗೆ ಬಳ್ಳಾರಿಯಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಆ ಹುದ್ದೆ ಪಟ್ಟಿಯಲ್ಲಿ ಅವಳ ಕೆಳಗಿದ್ದವರಿಗೆ ಹೋಯಿತು. ಹುಲಿಗೆಮ್ಮ ಮರುದಿನ ಬೆಳಿಗ್ಗೆ ಎಂದಿನಂತೆ ಸುಬ್ಬರಾವ್ ಆಫೀಸಿನ ಬಾಗಿಲು ತೆಗೆದಳು.

ಅಶ್ವಿನಿ, ನಾನು ಕೆಲಸದ ರೀತಿ ಬದಲಿಸಿದ್ದು ಆಮೇಲೆ. ಕಾಲೇಜಿಗೆ ಬರುವ ಯಾರೇ ಆಗಲಿ, ಕರಾರನ್ನು ಒಂದು ವಾರ ಮೊದಲು ಕೋಶಕ್ಕೆ ಕಳಿಸಬೇಕು ಎಂದು ನಿಯಮ ಮಾಡಿದೆ. ಅದನ್ನು ಕ್ಲಾಸಿನಲ್ಲಿ ಸಾಲು ಸಾಲಾಗಿ ಗಟ್ಟಿಯಾಗಿ ಓದಿಸುತ್ತಿದ್ದೆ. ಹುಡುಗರಿಗೆ ಬೇಸರವಾಗಿ ಆಕಳಿಸುತ್ತಿದ್ದರು, ಆಕಳಿಸಲಿ ಎಂದು ಬಿಡುತ್ತಿದ್ದೆ. ಮೂಲ ಅಂಕಪಟ್ಟಿಯನ್ನು ತೋರಿಸು, ಕೈಬಿಡಬೇಡ ಎಂದು ನೂರು ಸಲ ಹೇಳಿಸುತ್ತಿದ್ದೆ. ಮೂಲ ಪ್ರತಿ ಕೇಳುವವರಿಗೆ ಕಾಲೇಜಿನ ಗೇಟು ತೆಗೆಯುವುದಿಲ್ಲ ಎಂದಾಗ ಪ್ರಾಂಶುಪಾಲರು ಕೂಗಾಡಿದರು. ಅವರು ಹೇಳಿದಂತೆಯೇ ಆ ವರ್ಷ ಒಬ್ಬ ಗುತ್ತಿಗೆದಾರನೂ ಬರಲಿಲ್ಲ. ವರದಿಯಲ್ಲಿ ಫೋಟೋ ಅಂಟಿಸುವ ಪುಟ ಖಾಲಿ ಉಳಿಯಿತು. ಹೊರಗೆ ನೌಕರಿ ಹುಡುಕಿಕೊಂಡ ಹುಡುಗರು ನನ್ನನ್ನು ಬೈದುಕೊಂಡೇ ಹೋದರು. ಅವರ ಬೈಗುಳದಲ್ಲೂ ಅರ್ಥವಿತ್ತು, ಮನೆಯಲ್ಲಿ ಒಲೆ ಉರಿಯಬೇಕಲ್ಲ.

ಹುಲಿಗೆಮ್ಮನ ತಾಯಿ ಮರುವರ್ಷ ತೀರಿಕೊಂಡಳು. ಕೊನೆಯ ತಿಂಗಳವರೆಗೂ ಮೈನ್ಸಿಗೆ ಹೋಗುತ್ತಿದ್ದಳು. ನಾನು ಯಶವಂತನಗರಕ್ಕೆ ಹೋಗಿ ಬಂದೆ. ಹುಲಿಗೆಮ್ಮ ಕುಂದ್ರಿ ಎಂದು ಚಾಪೆ ಹಾಸಿದಳು, ನೀರು ಕೊಟ್ಟಳು. ಒಂದು ಕೊಂಕು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮೂರು ವರ್ಷದ ಅವಧಿ ಮುಗಿಯಿತು, ಅಂಕಪಟ್ಟಿ ಮಾತ್ರ ಯಾರಿಗೂ ಸಿಗಲಿಲ್ಲ. ಲೆಕ್ಕ ಒಪ್ಪಿಸಿ ಹೋಗುವ ದಿನ ಕೊಡುತ್ತೇನೆ ಎಂದು ಸುಬ್ಬರಾವ್ ಮುಂದೆ ಹಾಕುತ್ತಲೇ ಬಂದರು. ಹುಡುಗರು ಕೂಡ, ಪಗಾರ ಬರುತ್ತಿದೆಯಲ್ಲ, ಕಾಗದ ಯಾರಿಗೆ ಬೇಕು ಎಂದು ಸುಮ್ಮನಾದರು. ಆಮೇಲೆ ಒಂದು ದಿನ ಕೋರ್ಟಿನ ಆದೇಶ ಬಂದು ಗುಡ್ಡದ ಕೆಲಸ ನಿಂತಿತು. ಲಾರಿಗಳು ರಸ್ತೆ ಪಕ್ಕ ನಿಂತಲ್ಲೇ ನಿಂತವು. ನಮ್ಮ ಬಸ್ಸು ಮತ್ತೆ ಹೊತ್ತಿಗೆ ಸರಿಯಾಗಿ ಹೊಸಪೇಟೆ ಮುಟ್ಟತೊಡಗಿತು. ಅದನ್ನು ಖುಷಿ ಎನ್ನಲು ಬಸ್ಸಿನಲ್ಲಿ ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಕೆಲಸ ಹೋದವರು ಒಬ್ಬೊಬ್ಬರಾಗಿ ಕೋಶಕ್ಕೆ ಬಂದರು. ವಿರೂಪಾಕ್ಷಿ ನಡೆದುಕೊಂಡು ಬಂದ. ಬೈಕು ಎಲ್ಲಿ ಎಂದು ನಾನು ಕೇಳಲಿಲ್ಲ. “ಆ ನೋಟ್‌ಬುಕ್ ಇನ್ನೂ ಐತ್ರಿ ಮೇಡಂ, ಒಂದು ಪುಟಾನೂ ಕೆಟ್ಟಿಲ್ಲ” ಎಂದು ತಾನೇ ನಕ್ಕ. ಮಕ್ಕಳಂಥ ಹುಡುಗರ ನಡುವೆ ಕುಳಿತು ಬಿ.ಕಾಂ. ಮುಗಿಸಿದ. ಈಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸದಲ್ಲಿದ್ದಾನೆ.

ಅದೇ ದಿನಗಳಲ್ಲಿ ಹುಲಿಗೆಮ್ಮ ಬಂದಳು. ಹೆಗಲ ಮೇಲೆ ಒಂದು ಭಾರದ ಚೀಲ. ಸುಬ್ಬರಾವ್ ಆಫೀಸು ಖಾಲಿ ಮಾಡಿ ತಮ್ಮ ಊರಿಗೆ ಹೋಗಿದ್ದರು. ಹೋಗುವಾಗ, ಅಂಕಪಟ್ಟಿಗಳನ್ನು ಅವರವರಿಗೆ ಮುಟ್ಟಿಸಿಬಿಡು ಎಂದು ಅವಳಿಗೆ ಹೇಳಿದ್ದರಂತೆ. ಅವಳು ಚೀಲದಿಂದ ಕವರುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದಳು. ಹದಿನಾಲ್ಕೂ ಇದ್ದವು. ಮೇಲೆ ನನ್ನದೇ ಅಕ್ಷರ, ಶಾಯಿ ಸ್ವಲ್ಪ ಮಾಸಿತ್ತು. ಒಂದರ ಮೂಲೆಯೂ ಮಡಚಿರಲಿಲ್ಲ. ವಿಳಾಸ ನಿಮ್ಮ ಹತ್ತಿರ ಇರುತ್ತದೆ, ಮುಟ್ಟಿಸಿಬಿಡಿ ಎಂದಳು.

ಒಂಬತ್ತನೆಯದು ಅವಳದು. ಅದನ್ನು ಎತ್ತಿ ಕೊಡುತ್ತ, ಇಷ್ಟು ಚೆನ್ನಾಗಿ ಇವನ್ನೆಲ್ಲ ಯಾರು ಇಟ್ಟಿದ್ದರು ಎಂದು ಸುಮ್ಮನೆ ಕೇಳಿದೆ.

“ನಾನ ಇಟ್ಟಿದ್ದೆರಿ. ಆಫೀಸಿನ ಬೀರುವಿನ ಕೀಲಿಕೈ ಮೊದಲಿಂದಲೂ ನನ್ನ ಹತ್ರಾನ ಇತ್ತು.”

ನಾವಿಬ್ಬರೂ ಸಂಡೂರಿಗೆ ಹೋದ ದಿನ ಕಣ್ಣ ಮುಂದೆ ಬಂತು. ಅವಳು ಒಳಗೆ ಹೋದದ್ದು, ಫೈಲು ತಂದದ್ದು, ಮತ್ತೆ ಒಳಗಿಟ್ಟು ಬಂದದ್ದು. ಆ ಬೀರುವಿನ ಬಾಗಿಲು ತೆಗೆದವಳು ಅವಳು. ಮುಚ್ಚಿದವಳೂ ಅವಳೇ. ಇದೇ ಕವರು ಅವಳ ಕೈಗೆ ಒಂದು ಗೇಣು ದೂರದಲ್ಲಿತ್ತು. ಅವತ್ತೂ ಕೀಲಿಕೈ ನಿನ್ನ ಹತ್ತಿರವೇ ಇತ್ತೇನೇ ಎಂದು ಕೇಳಿದೆ.

“ಅವತ್ತೂ ಇತ್ರಿ.”

“ತಗೊಂಡು ಹೋಗಬಹುದಿತ್ತಲ್ಲೇ ಯವ್ವಾ. ನಿಂದ ಅದು. ಯಾರು ಕೇಳ್ತಿದ್ರು?”

ಅವಳು ಕವರಿನ ಮೇಲಿದ್ದ ತನ್ನ ಹೆಸರನ್ನು ನೋಡಿದಳು.

“ಬಳ್ಳಾರಿಗೆ ಹೋಗೋ ದಿನ ಮುಂಜಾನೆ ಬೀರು ತೆಗ್ದಿದ್ದೆರಿ. ಕವರು ಕೈಯಾಗ ಹಿಡಕೊಂಡೆ. ಸಹಿ ಅಂದ್ರ ಮಾತು ಅಂತ ನೀವ ಬೋರ್ಡಿನ ಮ್ಯಾಲ ಬರ್ದಿದ್ರಲ್ರಿ. ನನ್ನ ಸಹಿ ಒಂದ ಇದ್ರ ಮುರೀತಿದ್ನೇನೋ. ಬಾಜೂಕ ನಿಮ್ದೂ ಇತ್ತು. ಮತ್ತ ಒಳಗ ಇಟ್ಟು ಕೀಲಿ ಹಾಕಿದೆ.”

ದೂರುವ ದನಿಯಲ್ಲಿ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೆ. ನಾನು ಓದದೆ ಹಾಕಿದ ಸಹಿಯನ್ನು ಅವಳು ಅಷ್ಟು ವರ್ಷ ಕಾದಿದ್ದಳು. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅವಳು ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತಳು. ತಪ್ಪು ಮಾಡಿದವಳಿಗೆ, ತಪ್ಪಿನ ಫಲ ಉಂಡವಳು ಸಮಾಧಾನ ಮಾಡಿದಳು.

ಆಮೇಲೆ ಅವಳು ಎರಡು ಸಲ ಪರೀಕ್ಷೆ ಬರೆದಳು, ಪಟ್ಟಿಯಲ್ಲಿ ಹೆಸರು ಬರಲಿಲ್ಲ. ನಮ್ಮ ಕಂಪ್ಲಿಯಲ್ಲೇ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ನೋಡಿಕೊಳ್ಳುತ್ತಾಳೆ. ಸಂತೆಯ ದಿನ ಸಿಕ್ಕರೆ ನಿಂತು ಮಾತಾಡಿಸುತ್ತಾಳೆ. ಸರ್ಕಾರಿ ಕುರ್ಚಿಯ ಮಾತನ್ನು ಅವಳು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ನಿವೃತ್ತಿಯ ದಿನ ಸೀಲನ್ನು ಆಫೀಸಿಗೆ ಒಪ್ಪಿಸಿ ಬಂದೆ. ಅಶ್ವಿನಿ, ಈಗ ನಿನ್ನ ಹೆಸರಿನದು ಬಂದಿರಬೇಕು. ಕೋಶದ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಖಾಲಿ ಕವರಿದೆ. ಹುಲಿಗೆಮ್ಮ, ಯಶವಂತನಗರ ಎಂದು ನನ್ನ ಅಕ್ಷರದಲ್ಲಿ ಬರೆದಿದೆ. ಹದಿನಾಲ್ಕು ಕವರು ತಂದ ದಿನ ತನ್ನ ಅಂಕಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಅವಳು ಅದನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದಳು. ರದ್ದಿಗೆ ಹಾಕಬೇಡ. ಯಾರಾದರೂ ಕಾಗದ ತಂದು, ಮೇಡಂ ಇಲ್ಲೊಂದು ಸಹಿ ಎಂದು ಬೆರಳಿಟ್ಟು ತೋರಿಸಿದ ದಿನ, ಪೆನ್ನು ತೆಗೆಯುವ ಮೊದಲು ಆ ಅರೆಯನ್ನು ಒಮ್ಮೆ ಎಳೆದು ನೋಡು.